ಅಗಳದ ಆಚೆ ಯಾವ ನಂಬರು?

ಶಿರಸಿ ತಾಲೂಕಿನ ನಮ್ಮ ಊರಿನಲ್ಲಿ ತೋಟದ ಮೇಲ್ತುದಿಗೆ ಒಂದು ಮಾಲ್ಕಿ ಬೇಣ, ಅಂದರೆ ನಮ್ಮದೇ ಒಡೆತನದ ಹುಲ್ಲುನೆಲ, ಇದೆ. ಅದರ ಅಂಚಿಗೆ ಅಜ್ಜ ತೋಡಿಸಿದ ಅಗಳ (ಕಂದಕ), ಅಗಳದ ಆಚೆ ಅರಣ್ಯ. ಹೋದ ಬೇಸಿಗೆಯಲ್ಲಿ ಅಲ್ಲಿ ಅಡಿಕೆ ಸಸಿ ನೆಟ್ಟು ಬೇಲಿ ಹಾಕಲು ಹೊರಟಾಗ ಪಕ್ಕದ ತೋಟದ ಭಾವ ಬಂದರು. "ತಮ್ಮಾ, ಅಗಳವೇ ಹದ್ದು ಎಂದು ನಂಬಬೇಡ. ದನ ಬಾರದಿರಲಿ ಎಂದು ನಿನ್ನ ಅಜ್ಜ ಮಣ್ಣು ಮೆತ್ತಗಿದ್ದ ಕಡೆ ತೋಡಿಸಿದ್ದು" ಎಂದರು. ನಮ್ಮ ಜಿಲ್ಲೆಯಲ್ಲಿ ಬೇಲಿ ನಾಲ್ಕು ಮಾರು ಆಚೆ ಹೋದರೂ ಅತಿಕ್ರಮಣದ ಮಾತು ಏಳುತ್ತದೆ. ಗೂಟ ಹುಗಿಯುವುದನ್ನು ಅಲ್ಲಿಗೇ ನಿಲ್ಲಿಸಿದೆ.

ಮೊದಲು ಮೊಬೈಲಿನಲ್ಲಿ ಸರ್ಕಾರದ ಭೂನಕಾಶೆಯ ಆ್ಯಪ್ ಆದ ದಿಶಾಂಕ್ ತೆರೆದೆ. ನಾವು ನಿಂತ ಜಾಗದ ಸರ್ವೆ ನಂಬರನ್ನು ಅದು ತೋರಿಸುತ್ತದೆ. ಆ ನಂಬರಿನ ಒಳವಿಭಾಗಗಳಾದ ಸುರ್ನೋಕ್, ಹಿಸ್ಸಾ ಆರಿಸಿದರೆ ಪಹಣಿಯಲ್ಲಿರುವ ಹೆಸರೂ ಸಿಗುತ್ತದೆ. ಒಳಗೆ ನಡೆಯುವ ಲೆಕ್ಕ ಸರಳ. ನಿಂತ ಬಿಂದುವಿನಿಂದ ಒಂದು ದಿಕ್ಕಿಗೆ ನೇರ ಗೆರೆ ಎಳೆದು, ಅದು ನಂಬರಿನ ಹದ್ದನ್ನು ಎಷ್ಟು ಸಲ ದಾಟುತ್ತದೆ ಎಂದು ಎಣಿಸಿದರೆ ಸಾಕು. ಬೆಸ ಸಂಖ್ಯೆ ಬಂದರೆ ಬಿಂದು ಒಳಗಿದೆ, ಸಮ ಸಂಖ್ಯೆ ಬಂದರೆ ಹೊರಗಿದೆ. ಆದರೆ ಬಿಂದುವೇ ಅಲುಗಾಡುತ್ತಿದ್ದರೆ? ಮರದ ನೆರಳಿನಲ್ಲಿ ನಿಂತ ನನಗೆ ಒಮ್ಮೆ ನಮ್ಮ ನಂಬರು ಬಂತು, ಎರಡು ನಿಮಿಷ ಬಿಟ್ಟು ಅರಣ್ಯದ ನಂಬರು ಬಂತು. ನಾನು ಒಂದು ಹೆಜ್ಜೆಯನ್ನೂ ಕದಲಿರಲಿಲ್ಲ. ಬಯಲಿನಲ್ಲಿ ಐದಾರು ಮೀಟರಿನೊಳಗೆ ನಿಲ್ಲುವ ಮೊಬೈಲಿನ ಜಿಪಿಎಸ್, ಎಲೆಯ ಚಪ್ಪರದ ಕೆಳಗೆ ಅದಕ್ಕಿಂತ ಬಹಳ ಹೆಚ್ಚು ತಪ್ಪುತ್ತದೆ. ನಡುತೋಟದಲ್ಲಿ ನಿಂತು ನಂಬರು ತಿಳಿಯಲು ಇದು ಸಾಕು. ಅಂಚಿನಲ್ಲಿ ನಿಂತವನಿಗೆ ಸಾಲದು.

ಆಮೇಲೆ ಗ್ರಾಮ ನಕಾಶೆಯ ಪಿಡಿಎಫ್ ಇಳಿಸಿಕೊಂಡು, ಉಚಿತವಾಗಿ ಸಿಗುವ ಕ್ಯೂಜಿಐಎಸ್ ತಂತ್ರಾಂಶದಲ್ಲಿ ಅದನ್ನು ನೆಲಕ್ಕೆ ಕಟ್ಟಲು ಕುಳಿತೆ. ನಕಾಶೆಯ ಮೇಲಿನ ಒಂದು ಗುರುತು, ಅದೇ ಗುರುತಿನ ಅಕ್ಷಾಂಶ ರೇಖಾಂಶ, ಹೀಗೆ ಜೋಡಿ ಮಾಡುತ್ತಾ ಹೋಗಬೇಕು. ಮೊದಲ ಸಲ ಮನೆಯ ಹತ್ತಿರದ ನಾಲ್ಕು ಗುರುತುಗಳನ್ನಷ್ಟೇ ಹಿಡಿದೆ. ಮನೆಯ ಕಡೆ ಎಲ್ಲವೂ ಕೂಡಿತು, ಬೇಣದ ತುದಿ ಮಾತ್ರ ಮೂವತ್ತು ಮೀಟರ್ ಜಾರಿತು. ಗುರುತುಗಳು ಊರಿನ ನಾಲ್ಕೂ ಕಡೆ ಹರಡಿರಬೇಕು ಎಂಬುದನ್ನು ಹಾಗೆ ಕಲಿತೆ. ಎರಡನೆಯ ಸಲ ಮೂರು ಊರು ಕೂಡುವ ಗಡಿಕಲ್ಲು, ದೇವಸ್ಥಾನದ ಹಳೆಯ ಬಾವಿ, ಗದ್ದೆ ಬಯಲಿನ ಎರಡು ಕಲ್ಲು ಎಂದು ಹುಡುಕಿಕೊಂಡು ಮೂರು ದಿನ ತಿರುಗಿದೆ. ಹಳ್ಳವನ್ನು ಹಿಡಿಯಲಿಲ್ಲ, ನಮ್ಮ ಮಳೆಗೆ ಹಳ್ಳ ಜಾಗ ಬದಲಿಸುತ್ತದೆ. ಪ್ರತಿ ಕಲ್ಲಿನ ಬಳಿ ಹತ್ತು ನಿಮಿಷ ಕಾದು, ಅಕ್ಷಾಂಶ ರೇಖಾಂಶದ ಡಿಗ್ರಿಯನ್ನು ದಶಮಾಂಶದ ಐದನೆಯ ಸ್ಥಾನದವರೆಗೂ ಬರೆದುಕೊಂಡೆ. ಐದನೆಯ ಸ್ಥಾನ ಎಂದರೆ ಸುಮಾರು ಒಂದು ಮೀಟರ್. ನಾಲ್ಕಕ್ಕೇ ನಿಲ್ಲಿಸಿದರೆ ಹನ್ನೊಂದು ಮೀಟರ್ ಕೈಬಿಟ್ಟಂತೆ.

ಈ ಸಲ ಬೇಣವೂ ಉಪಗ್ರಹ ಚಿತ್ರದ ಮೇಲೆ ಸರಿಯಾಗಿ ಕೂತಿತು. ಸಂತೋಷದಿಂದ ದೊಡ್ಡದು ಮಾಡಿ ನೋಡಿದರೆ, ನಕಾಶೆಯ ಗೆರೆ ಅಗಳವನ್ನೂ ಅದರ ಪಕ್ಕದ ನೆಲವನ್ನೂ ಒಟ್ಟಿಗೆ ಮುಚ್ಚಿತ್ತು. ಆಗ ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆ. ನಮ್ಮ ನಕಾಶೆಯ ಅಳತೆ 1:7920. ಅಂದರೆ ಒಂದು ಅಂಗುಲಕ್ಕೆ 660 ಅಡಿ, 33 ಅಡಿಯ ಸರಪಳಿಯಲ್ಲಿ ಇಪ್ಪತ್ತು ಸರಪಳಿ. ಅರ್ಧ ಮಿಲಿಮೀಟರ್ ದಪ್ಪದ ಶಾಯಿಯ ಗೆರೆ ನೆಲದ ಮೇಲೆ ನಾಲ್ಕು ಮೀಟರ್, ಹದಿಮೂರು ಅಡಿ. ಒಂಬತ್ತು ಅಡಿಗೆ ಒಂದರಂತೆ ನೆಟ್ಟ ಅಡಿಕೆಯ ಒಂದು ಸಾಲು ಪೂರ್ತಿ ಆ ಗೆರೆಯೊಳಗೆ ಹೋಗುತ್ತದೆ. ತಂತ್ರಾಂಶ ಎಷ್ಟು ಚೆನ್ನಾಗಿದ್ದರೂ ನಕಾಶೆಯಲ್ಲಿ ಇಲ್ಲದ ಅಳತೆಯನ್ನು ಎಲ್ಲಿಂದ ತರಬೇಕು? ಮೊಬೈಲಿನ ಗೆರೆ ತೋರಿಸಿ ನೆರೆಯವರೊಡನೆ ವಾದಕ್ಕೆ ನಿಲ್ಲುವವರನ್ನು ಕಂಡಾಗಲೆಲ್ಲ ಈ ಹದಿಮೂರು ಅಡಿಯನ್ನು ಅವರಿಗೆ ಹೇಳಬೇಕೆನಿಸುತ್ತದೆ.

ವಿಸ್ತೀರ್ಣದಲ್ಲೂ ಒಂದು ಎಚ್ಚರ ಬೇಕು. ಗೆರೆಯೊಳಗಿನ ಒಟ್ಟು ಜಾಗದಲ್ಲಿ ಖರಾಬು, ಅಂದರೆ ಸಾಗುವಳಿಗೆ ಬಾರದ ಜಾಗ, ಕೂಡ ಸೇರಿರುತ್ತದೆ. ಪಹಣಿಯಲ್ಲಿ ಖರಾಬನ್ನು ಬೇರೆಯಾಗಿ ತೋರಿಸಿರುತ್ತಾರೆ. ಎರಡನ್ನೂ ಹೋಲಿಸುವಾಗ ಪ್ರತಿ ನಂಬರಿನ ವಿಸ್ತೀರ್ಣ ಬರೆದಿರುವ ಸರ್ವೆ ದಾಖಲೆಯಾದ ಆಕಾರಬಂದ್ ಪಕ್ಕದಲ್ಲಿರಲಿ.

ಕೊನೆಗೆ ಹದ್ದುಬಸ್ತಿಗೆ, ಅಂದರೆ ಸರ್ಕಾರಿ ಅಳತೆಯಿಂದ ಗಡಿ ಗುರುತಿಸಿಕೊಡಲು, ಅರ್ಜಿ ಕೊಟ್ಟೆ. ಭೂಮಾಪಕರು ಟಿಪ್ಪಣಿ (ಮೂಲ ಸರ್ವೆಯ ಅಳತೆಗಳಿರುವ ನಕ್ಷೆ) ಬಿಡಿಸಿ, ಕಂಡ ಎರಡು ಕಲ್ಲುಗಳಿಂದ ಅಳತೆ ಎಳೆದು, ತರಗೆಲೆಯ ರಾಶಿಯ ಮೇಲೆ ಒಂದು ಕಡ್ಡಿ ಚುಚ್ಚಿದರು. ನಾನು ಮತ್ತು ಭಾವ ಸೇರಿ ಅಗೆದೆವು. ಒಂದೂವರೆ ಗೇಣು ಕೆಳಗೆ ಗುದ್ದಲಿಗೆ ಠಣ್ ಎಂದು ಕಲ್ಲು ಸಿಕ್ಕಿತು. ಅಗಳದಿಂದ ಎರಡು ಮಾರು ಈಚೆಗಿತ್ತು. ಭಾವ ಏನೂ ಹೇಳಲಿಲ್ಲ, ಕೈಯಿಂದ ಮಣ್ಣು ಒರೆಸಿ ಕಲ್ಲಿನ ತಲೆ ತೋರಿಸಿದರು. ನನ್ನ ಕ್ಯೂಜಿಐಎಸ್ ನಕಾಶೆ ಆ ಕಲ್ಲನ್ನು ಮೂರು ಮೀಟರ್ ದೂರದಲ್ಲಿ ಗುರುತಿಸಿತ್ತು.

ಮರುದಿನ ಕಲ್ಲಿಗೆ ಸುಣ್ಣ ಬಳಿದು, ಅದರ ಸ್ಥಾನವನ್ನು ಪಹಣಿಯ ಪ್ರತಿಯ ಹಿಂದೆ ಬರೆದಿಟ್ಟೆ. ಬೇಲಿಯ ಗೂಟಗಳನ್ನು ಕಲ್ಲಿನಿಂದ ಒಂದು ಮೊಳ ಒಳಗೆ ಹುಗಿದೆವು. ಅಗಳದ ಅಂಚಿನಲ್ಲಿ ನೆಟ್ಟಿದ್ದ ಹನ್ನೊಂದು ಸಸಿಗಳನ್ನು ಮಳೆ ಹಿಡಿಯುವ ಮೊದಲೇ ಕಿತ್ತು ಕೆಳಗಿನ ತೋಟಕ್ಕೆ ತಂದೆ.