ಹೊಸಬರ ಕೈಗೇ ಫಾರ್ಮ್ಯಾಟ್ ಕೊಟ್ಟೆ: ತಿಪಟೂರಿನ ನನ್ನ ಕ್ಲಾಸಿನ ಅನುಭವ

"ಮೌಸ್ ಹಿಡಿಯೋಕೆ ಬಾರದವರ ಕೈಲಿ ಓಎಸ್ ಹಾಕಿಸ್ತೀರಾ? ಮೆಷಿನ್ ಉಳಿಯುತ್ತಾ?"

ನಮ್ಮ ಊರಲ್ಲೇ ಕಂಪ್ಯೂಟರ್ ಕ್ಲಾಸ್ ನಡೆಸುವ ಇಬ್ಬರು ಗೆಳೆಯರು ಹೀಗೆ ಕೇಳಿ ಮೂರು ವರ್ಷದ ಮೇಲಾಯಿತು. ಈಗ ಒಂಬತ್ತು ಬ್ಯಾಚ್ ಮುಗಿದಿವೆ. ಹೆಚ್ಚುಕಡಿಮೆ 120 ಜನ ಕಲಿತು ಹೋಗಿದ್ದಾರೆ. ಅವರಲ್ಲಿ ನೂರು ಜನವಾದರೂ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ (ಅಂದರೆ ಮೆಷಿನ್ ಶುರು ಮಾಡಿ), ಡಿಸ್ಕ್ ಪೂರ್ತಿ ಅಳಿಸಿ, ತಾವೇ ಲಿನಕ್ಸ್ ಮಿಂಟ್ ಅನ್ನುವ ಓಎಸ್ (ವಿಂಡೋಸ್ ಥರದ್ದೇ ಆಪರೇಟಿಂಗ್ ಸಿಸ್ಟಂ) ಹಾಕಿದ್ದಾರೆ. ನಾನು ಕೀಬೋರ್ಡ್ ಮುಟ್ಟಿಲ್ಲ. ಮೆಷಿನ್‌ಗಳೂ ಉಳಿದಿವೆ. ಆ ಇಬ್ಬರಲ್ಲಿ ಒಬ್ಬರು ಹೋದ ತಿಂಗಳು ಬಂದು ಎರಡು ದಿನ ಕೂತು ನೋಡಿ, ತಮ್ಮಲ್ಲೂ ಹೀಗೇ ಶುರು ಮಾಡಿದ್ದಾರೆ. ಅದಕ್ಕೇ ಇದನ್ನು ಬರೆಯೋಣ ಅನ್ನಿಸಿತು.

ಮೊದಲು ನಾನೂ ಎಲ್ಲರಂತೆ ಕಲಿಸುತ್ತಿದ್ದೆ. ಮೊದಲ ವಾರ ನೋಟ್ಸ್. ಇನ್‌ಪುಟ್ ಸಾಧನ, ಔಟ್‌ಪುಟ್ ಸಾಧನ, ಆಪರೇಟಿಂಗ್ ಸಿಸ್ಟಂ ಅಂದರೇನು, ಅದರ ವಿಧಗಳು. ಎರಡನೇ ವಾರ ಪೇಂಟ್. ಮೂರನೇ ವಾರದ ಹೊತ್ತಿಗೆ ಅರ್ಧ ಕುರ್ಚಿ ಖಾಲಿ. ಬರುತ್ತಿದ್ದವರೆಲ್ಲ ಕೆಲಸಕ್ಕೆ ಬೇಕು ಅಂತಲೇ ಬಂದವರು. ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ಪಾಸಾಗಬೇಕಾದ ಸರ್ಕಾರಿ ನೌಕರರು, ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವವರು, ಸ್ತ್ರೀಶಕ್ತಿ ಸಂಘದ ಪುಸ್ತಕ ನೋಡಿಕೊಳ್ಳುವ ಹೆಂಗಸರು, ಡಿಗ್ರಿ ಹುಡುಗರು.

ಒಬ್ಬ ಅಮ್ಮ ಇದ್ದರು, ವಯಸ್ಸು ಐವತ್ತರ ಹತ್ತಿರ. ಸಂಘದ ಲೆಕ್ಕವನ್ನು ಹದಿನೈದು ವರ್ಷ ಕೈಯಲ್ಲೇ ಬರೆದವರು, ಒಂದು ಪೈಸೆ ತಪ್ಪಿಲ್ಲ. ಅಂಥವರು ಕಂಪ್ಯೂಟರ್ ಮುಂದೆ ಕೂತರೆ ಎರಡೂ ಕೈ ಮಡಿಲಲ್ಲಿ. "ಏನೋ ಒತ್ತಿ ಹಾಳಾಗಿಬಿಟ್ರೆ ಮೇಷ್ಟ್ರೇ?" ನಾನು "ಏನೂ ಆಗಲ್ಲ ಅಮ್ಮ, ಒತ್ತಿ" ಅನ್ನುತ್ತಿದ್ದೆ. ಆದರೆ ಅವರ ಬೆರಳು ಡಿಲೀಟ್ ಹತ್ತಿರ ಹೋದರೆ ನಾನೇ ಓಡಿ ಹೋಗಿ ಮೌಸ್ ಕಿತ್ತುಕೊಳ್ಳುತ್ತಿದ್ದೆ. ಬಾಯಲ್ಲಿ ಒಂದು, ಕೈಯಲ್ಲಿ ಇನ್ನೊಂದು. ಅದು ನನಗೆ ಗೊತ್ತಾಗುವುದಕ್ಕೇ ಒಂದು ವರ್ಷ ಬೇಕಾಯಿತು. ಹಾಳಾಗಲ್ಲ ಅಂತ ಹೇಳಿ ಪ್ರಯೋಜನವಿಲ್ಲ. ಹಾಳಾದರೆ ಮತ್ತೆ ಸರಿ ಮಾಡುವುದು ಹೇಗೆ ಅಂತ ಅವರ ಕೈಯಲ್ಲೇ ಮಾಡಿಸಬೇಕು.

ದುಡ್ಡಿನ ಲೆಕ್ಕ ಹೇಳಿಬಿಡುತ್ತೇನೆ, ಎಲ್ಲರೂ ಮೊದಲು ಕೇಳುವುದೇ ಅದು. 2022ರಲ್ಲಿ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಎಂಟು ಸೆಕೆಂಡ್ ಹ್ಯಾಂಡ್ ಸಿಪಿಯು ತಂದೆ. ಎರಡನೇ, ಮೂರನೇ ತಲೆಮಾರಿನ ಐ3 ಪ್ರೊಸೆಸರ್, ನಾಲ್ಕು ಜಿಬಿ ರ‍್ಯಾಮ್, ಒಂದಕ್ಕೆ ಸುಮಾರು 4,000. ಹಳೇ ಮಾನಿಟರ್ 1,200ರಂತೆ. ಹಾರ್ಡ್ ಡಿಸ್ಕಿಗಿಂತ ವೇಗದ 120 ಜಿಬಿ ಎಸ್‌ಎಸ್‌ಡಿ ಹೊಸದು, 1,100ರ ಆಸುಪಾಸು. ಕೀಬೋರ್ಡ್, ಮೌಸ್, ಟೇಬಲ್, ವೈರಿಂಗ್ ಎಲ್ಲ ಸೇರಿ 60,000 ದಾಟಲಿಲ್ಲ. ಇನ್ವರ್ಟರ್ ಮೊದಲೇ ಇತ್ತು. ಮನೆಗೆ ತಂದು ನೋಡಿದರೆ ಎರಡರಲ್ಲಿ ಕರೆಂಟ್ ಕೊಡುವ ಎಸ್‌ಎಂಪಿಎಸ್ ಸತ್ತಿತ್ತು. ಇನ್ನೊಂದರ ಬೋರ್ಡಿನಲ್ಲಿ ಕೆಪಾಸಿಟರ್ (ಪುಟ್ಟ ಡಬ್ಬಿಯಂಥ ಬಿಡಿಭಾಗ) ಊದಿಕೊಂಡಿತ್ತು, ತಿಂಗಳೊಳಗೆ ಅದೂ ಹೋಯಿತು. ಅಂಗಡಿಯವರನ್ನು ಕೇಳಿದರೆ "ಟೆಸ್ಟಿಂಗ್ ವಾರಂಟಿ ಅಷ್ಟೇ ಸರ್" ಅಂದರು. ಈಗ ನಾನು ತರುವಾಗ ಸಿಪಿಯು ಬಾಗಿಲು ತೆಗೆಸಿ, ಟಾರ್ಚ್ ಬಿಟ್ಟು, ಕೆಪಾಸಿಟರ್ ತಲೆ ಚಪ್ಪಟೆ ಇದೆಯಾ ನೋಡದೆ ದುಡ್ಡು ಕೊಡುವುದಿಲ್ಲ. ಎಸ್‌ಎಸ್‌ಡಿಯಲ್ಲಿ ಮಾತ್ರ ಜಿಪುಣತನ ಮಾಡಬೇಡಿ. ಹಳೇ ಹಾರ್ಡ್ ಡಿಸ್ಕಿನಲ್ಲಿ ಇನ್‌ಸ್ಟಾಲ್‌ಗೆ ಮುಕ್ಕಾಲು ಗಂಟೆ ಹೋಗುತ್ತಿತ್ತು, ಎಸ್‌ಎಸ್‌ಡಿಯಲ್ಲಿ ಹತ್ತು ಹನ್ನೆರಡು ನಿಮಿಷ. ನನ್ನ ಕ್ರಮ ನಿಂತಿರುವುದೇ ಆ ಹತ್ತು ನಿಮಿಷದ ಮೇಲೆ.

ಸೋತದ್ದನ್ನೂ ಹೇಳಬೇಕು.

ಮೊದಲು ಫ್ರೀಜ್ ಸಾಫ್ಟ್‌ವೇರ್ ಹಾಕಿ ನೋಡಿದೆ. ಯಾರು ಏನು ಮಾಡಿದರೂ ರೀಸ್ಟಾರ್ಟ್ ಆದರೆ ಮೊದಲಿನಂತೆ. ನನಗೆ ಸುಖ. ಆದರೆ ಕಲಿಯುವವರು ಎರಡು ಗಂಟೆ ಕೂತು ಹೊಡೆದ ಅರ್ಜಿ ಕರೆಂಟ್ ಹೋಗಿ ಬಂದ ಮೇಲೆ ಇರಲಿಲ್ಲ. ಸೇವ್ ಮಾಡಿಯೂ ಮಾಯ! ಒಬ್ಬ ಹುಡುಗಿ ಅತ್ತೇಬಿಟ್ಟಳು. ಸೇವ್ ಅಂದರೆ ಉಳಿಯುತ್ತೆ ಅನ್ನುವ ನಂಬಿಕೆಯೇ ಹೋದರೆ ಇನ್ನೇನು ಕಲಿಸುವುದು? ಅವತ್ತೇ ತೆಗೆದುಹಾಕಿದೆ.

ಆಮೇಲೆ ಎಲ್‌ಟಿಎಸ್‌ಪಿ. ಒಂದೇ ಸರ್ವರ್, ಉಳಿದ ಏಳೂ ನೆಟ್‌ವರ್ಕ್‌ನಿಂದ ಬೂಟ್. ಮೆಷಿನ್‌ಗಳನ್ನು ಒಂದಕ್ಕೊಂದು ಜೋಡಿಸುವ ಹಳೇ 100 ಎಂಬಿಪಿಎಸ್ ನೆಟ್‌ವರ್ಕ್ ಸ್ವಿಚ್ಚಿನಲ್ಲಿ ಏಳು ಜನ ಒಟ್ಟಿಗೆ ಬ್ರೌಸರ್ ತೆರೆದರೆ ಎಲ್ಲವೂ ನಿಂತುಬಿಡುತ್ತಿತ್ತು. ಇನ್ನೂ ವೇಗದ ಗಿಗಾಬಿಟ್ ಸ್ವಿಚ್ ಹಾಕಿದರೆ ಸರಿಹೋಗುತ್ತಿತ್ತು ಅನ್ನಿಸುತ್ತೆ. ಆದರೆ ಅದರಲ್ಲಿ ಕಲಿಯುವವರ ಮೆಷಿನ್ ಅಂತ ಒಂದು ಇರುವುದೇ ಇಲ್ಲ. ಹದಿನೈದು ದಿನಕ್ಕೆ ಕೈಬಿಟ್ಟೆ.

ದೊಡ್ಡ ಪೆಟ್ಟು ಬಿದ್ದದ್ದು ಹೊಸ ಕ್ರಮದ ಮೊದಲ ಬ್ಯಾಚಿನಲ್ಲೇ. ಒಂದು ಮೆಷಿನ್‌ನಲ್ಲಿ ನನ್ನ ಹಳೇ 500 ಜಿಬಿ ಡಿಸ್ಕ್ ಹಾಗೇ ಬಿಟ್ಟಿದ್ದೆ. ಫೀಸಿನ ಲೆಕ್ಕ, ನೋಟ್ಸ್, ಮಗಳ ಫೋಟೋ ಎಲ್ಲ ಅದರಲ್ಲೇ. ಡಿಸ್ಕ್ ಆರಿಸುವ ಜಾಗದಲ್ಲಿ ಎರಡು ಹೆಸರು ಬಂದವು. ಹುಡುಗ ದೊಡ್ಡದನ್ನು ಆರಿಸಿ ಮುಂದೆ ಒತ್ತಿದ. ಅಳಿಸಿಹೋದ ಫೈಲು ಹುಡುಕಿಕೊಡುವ ಫೋಟೋರೆಕ್ ಓಡಿಸಿಕೊಂಡು ನಾಲ್ಕು ರಾತ್ರಿ ಕೂತೆ. ಫೈಲುಗಳು ಬಂದವು, ಹೆಸರು ಬರಲಿಲ್ಲ. ಸಾವಿರಾರು ಫೋಟೋಗಳನ್ನು ಒಂದೊಂದೇ ತೆರೆದು ನೋಡಬೇಕಾಯಿತು. ಹುಡುಗನ ತಪ್ಪಲ್ಲ, ಡಿಸ್ಕ್ ಬಿಟ್ಟವನು ನಾನು. ಅಲ್ಲಿಂದಾಚೆಗೆ ಕಲಿಯುವವರ ಮೆಷಿನ್‌ನಲ್ಲಿ ಒಂದೇ ಡಿಸ್ಕ್, ನನ್ನದೆಲ್ಲ ಬೀರುವಿನಲ್ಲಿ. ಇದನ್ನು ಮಾಡಲು ಹೊರಟವರು ಬೇರೆ ಏನು ಮರೆತರೂ ಇದನ್ನು ಮರೆಯಬೇಡಿ.

ಈಗ ನಡೆಯುವುದು ಹೀಗೆ. ಆರು ವಾರ, ಬ್ಯಾಚಿಗೆ 12ರಿಂದ 14 ಜನ, ಬೆಳಿಗ್ಗೆ ಅರ್ಧ, ಸಂಜೆ ಅರ್ಧ. ಮೊದಲ ವಾರ ಪೂರ್ತಿ ಮೌಸ್, ಕೀಬೋರ್ಡ್, ಆಟ. ಫೋನ್ ಬಳಸಿದ ಕೈ ಮೊದಲು ಹೋಗುವುದು ಮಾನಿಟರ್ ಮೇಲೆ. ಮೌಸ್ ಟೇಬಲ್ ತುದಿ ಮುಟ್ಟಿದರೆ ಅಲ್ಲೇ ನಿಲ್ಲುತ್ತಾರೆ. ಎತ್ತಿ ಈಚೆಗೆ ಇಟ್ಟುಕೊಳ್ಳಬಹುದು ಅಂತ ಯಾರೂ ಹೇಳಿಕೊಟ್ಟಿರುವುದಿಲ್ಲ. ಡಬಲ್ ಕ್ಲಿಕ್ ಮಾಡುವಾಗ ಎರಡನೇ ಒತ್ತಿಗೆ ಕೈ ಜರುಗಿ ಐಕಾನ್ ಬೇರೆ ಕಡೆ ಹೋಗುತ್ತೆ. ನಾನು ಸೆಟ್ಟಿಂಗ್‌ನಲ್ಲಿ ಡಬಲ್ ಕ್ಲಿಕ್ ಸಮಯ ಜಾಸ್ತಿ ಮಾಡಿ, ಪಾಯಿಂಟರ್ ವೇಗ ಇಳಿಸಿ ಇಟ್ಟಿರುತ್ತೇನೆ. ಅಂಗೈ ಮಣಿಕಟ್ಟು ಟೇಬಲ್ ಮೇಲೆ ಊರಲೇಬೇಕು. ಆಮೇಲೆ ಇಸ್ಪೀಟು. 1990ರಲ್ಲಿ ವಿಂಡೋಸ್ 3.0 ಜೊತೆ ಸಾಲಿಟೇರ್ ಬಂದಾಗ ಎಷ್ಟೋ ಜನ ಮೌಸ್‌ನಲ್ಲಿ ಹಿಡಿದು ಎಳೆದು ಬಿಡುವುದನ್ನು ಕಲಿತದ್ದು ಆ ಆಟದಲ್ಲೇ. ಇವತ್ತಿಗೂ ಅದಕ್ಕಿಂತ ಒಳ್ಳೇ ಪಾಠ ನನಗೆ ಸಿಕ್ಕಿಲ್ಲ.

ಎರಡನೇ ವಾರದ ಸೋಮವಾರ ಎಲ್ಲರಿಗೂ ಒಂದೊಂದು ಪೆನ್‌ಡ್ರೈವ್. ಅದರಿಂದಲೇ ಬೂಟ್ ಆಗುವಂತೆ ಮಾಡುವ ವೆಂಟಾಯ್ ಸಾಫ್ಟ್‌ವೇರ್ ಹಾಕಿ, ಮಿಂಟ್‌ನ ಎಕ್ಸ್‌ಎಫ್‌ಸಿಇ ಅನ್ನುವ ಹಗುರ ಆವೃತ್ತಿ ತುಂಬಿಟ್ಟಿರುತ್ತೇನೆ. ಪೆನ್‌ಡ್ರೈವ್‌ನಿಂದ ಬೂಟ್ ಮಾಡಲು ಎಫ್12 ಒತ್ತುವುದರಿಂದ ಶುರು. ಡಿಸ್ಕ್ ಅಳಿಸುವ ಪರದೆ ಬಂದಾಗ ಕೋಣೆಯಲ್ಲಿ ಸದ್ದೇ ಇರುವುದಿಲ್ಲ. ಊರು ಆರಿಸುವ ಭೂಪಟದಲ್ಲಿ ಭಾರತಕ್ಕೆ ಕೋಲ್ಕತ್ತಾ ಮಾತ್ರ ಇರುತ್ತೆ, ಬೆಂಗಳೂರು ಯಾಕಿಲ್ಲ ಅಂತ ಪ್ರತಿ ಬ್ಯಾಚಿನಲ್ಲೂ ಒಬ್ಬರು ಕೇಳೇ ಕೇಳುತ್ತಾರೆ. ಆ ವಾರದಲ್ಲಿ ಒಬ್ಬೊಬ್ಬರೂ ಮೂರು ಸಲ ಹಾಕುತ್ತಾರೆ. ಮೂರನೇ ಸಲಕ್ಕೆ ಪಕ್ಕದವರ ಜೊತೆ ಮಾತಾಡಿಕೊಂಡೇ ಮಾಡುತ್ತಿರುತ್ತಾರೆ. ಓಎಸ್ ಅಂದರೇನು ಅಂತ ನಾನು ಇಲ್ಲಿವರೆಗೂ ಹೇಳಿರುವುದಿಲ್ಲ. ಆಗ ಕೇಳುತ್ತೇನೆ. ಸಂಘದ ಆ ಅಮ್ಮನನ್ನು ಹೊಸ ಬ್ಯಾಚಿಗೆ ಫೀಸಿಲ್ಲದೆ ಮತ್ತೆ ಕರೆದಿದ್ದೆ. ಅವರು ಹೇಳಿದ್ದನ್ನೇ ಈಗ ಎಲ್ಲರಿಗೂ ಹೇಳುತ್ತೇನೆ: "ಮದುವೆ ಮನೇಲಿ ಉಗ್ರಾಣದ ಬೀಗದ ಕೈ ಇಟ್ಕೊಂಡಿರ್ತಾರಲ್ಲ ಮೇಷ್ಟ್ರೇ, ಅವರ ಥರ. ಅಡಿಗೆಯವರು, ಬಡಿಸೋರು ಎಲ್ಲ ಬೇರೆ. ಆದ್ರೆ ಏನು ಬೇಕಾದ್ರೂ ಅವರನ್ನೇ ಕೇಳ್ಬೇಕು."

ಮೂರು, ನಾಲ್ಕನೇ ವಾರ ಫೈಲು, ಫೋಲ್ಡರು, ಸೇವ್ ಆ್ಯಸ್, ಟೈಪಿಂಗ್, ಲೆಕ್ಕದ ಹಾಳೆ. ಇದು ನಿಮಗೆಲ್ಲ ಗೊತ್ತಿದ್ದದ್ದೇ.

ಐದನೇ ವಾರ ನನಗೆ ಬಹಳ ಇಷ್ಟ. ಬೆಳಿಗ್ಗೆ ಬೇಗ ಹೋಗಿ ಮೆಷಿನ್‌ಗಳನ್ನು ಕೆಡಿಸಿಡುತ್ತೇನೆ. ಒಂದರಲ್ಲಿ ಮಾನಿಟರಿನ ವಿಜಿಎ ಕೇಬಲ್ ಅರ್ಧ ಸಡಿಲ. ಇನ್ನೊಂದರಲ್ಲಿ ರ‍್ಯಾಮ್ ಸ್ವಲ್ಪ ಮೇಲೆ. ಮತ್ತೊಂದರಲ್ಲಿ ಸಮಯ ತಾನಾಗಿ ಸರಿಯಾಗುವುದನ್ನು ಆಫ್ ಮಾಡಿ, ತಾರೀಖು 2009ಕ್ಕೆ ತಳ್ಳಿರುತ್ತೇನೆ. ಆಗ ಬ್ಯಾಂಕಿನ ಪುಟ ತೆರೆಯಲ್ಲ, ಸಂಪರ್ಕ ಸುರಕ್ಷಿತವಲ್ಲ ಅಂತ ಬರುತ್ತೆ. ಇಂಥವು ನನ್ನ ಹತ್ತಿರ ಒಟ್ಟು ಹನ್ನೊಂದು ಇವೆ. ಉಳಿದ ಎಂಟನ್ನು ಇಲ್ಲಿ ಬರೆಯುವುದಿಲ್ಲ, ಮುಂದಿನ ಬ್ಯಾಚಿನವರೂ ಓದುತ್ತಾರೆ. ಯಾವುದರ ನಂತರ ಯಾವುದು ಅನ್ನುವ ಕ್ರಮವೂ ನನ್ನಲ್ಲೇ ಇರಲಿ.

ರ‍್ಯಾಮ್ ಸಡಿಲ ಮಾಡಿದ್ದು ಆ ಅಮ್ಮನಿಗೇ ಬಂತು. ಪರದೆ ಕಪ್ಪು, ಬೀಪ್ ಬೀಪ್. ಅವರು ನನ್ನ ಕಡೆ ನೋಡಲಿಲ್ಲ. ಪ್ಲಗ್ ಕಿತ್ತರು, ಬಾಗಿಲು ಬಿಚ್ಚಿದರು, ರ‍್ಯಾಮ್ ತೆಗೆದು ಹಿತ್ತಾಳೆ ಬಣ್ಣದ ಅಂಚನ್ನು ಮೊಮ್ಮಗನ ರಬ್ಬರಿನಿಂದ ಮೆಲ್ಲಗೆ ಉಜ್ಜಿದರು. ಸೆರಗಿನ ತುದಿಯಿಂದ ಪುಡಿ ಒರೆಸಿ, ಎರಡೂ ಹೆಬ್ಬೆರಳಿಟ್ಟು ಒತ್ತಿದರು. ಒಂದು ಕಡೆ ಟಕ್, ಇನ್ನೊಂದು ಕಡೆ ಟಕ್. ಮಿಂಟ್ ಲೋಗೋ ಬಂದಾಗಲೂ ಏನೂ ಹೇಳಲಿಲ್ಲ. ಬಾಗಿಲು ಹಾಕಿ, ಸ್ಕ್ರೂ ಎಣಿಸಿ ಕೂತರು.

ಮಧ್ಯೆ ಒಂದು ಬ್ಯಾಚಿಗೆ ಪೂರ್ತಿ ಕನ್ನಡದ ಮೆನು ಹಾಕಿ ನೋಡಿದೆ. ನನ್ನ ಆಸೆ ಅದು. ಆದರೆ ಮೆನುವಿನಲ್ಲಿ 'ಕಡತ' ಅಂತ ಓದಿದವರು ಹೊರಗೆ ಹೋದರೆ ಎಲ್ಲರೂ 'ಫೈಲ್' ಅನ್ನುತ್ತಾರೆ. ಕಲಿತದ್ದು ಒಂದು, ಕೇಳುವುದು ಇನ್ನೊಂದು. ಬೇಸರದಿಂದಲೇ ಇಂಗ್ಲಿಷ್ ಮೆನುಗೆ ವಾಪಸ್ ಹೋದೆ. ಟೈಪಿಂಗ್ ಮಾತ್ರ ಕನ್ನಡವೇ ಮೊದಲು. ಐಬಸ್‌ನಲ್ಲಿ (ಲಿನಕ್ಸ್‌ನ ಟೈಪಿಂಗ್ ಸೌಲಭ್ಯ) ಕೆಜಿಪಿ ಕೀಬೋರ್ಡ್ ವಿನ್ಯಾಸ ಸಿಗುತ್ತೆ, ನುಡಿ ತಂತ್ರಾಂಶದ್ದೇ ಕೀಲಿಗಳು. ಎ, ಕೆ, ಎಫ್, ಕೆ ಒತ್ತಿದರೆ 'ಅಕ್ಕ'. 'ತಿಪಟೂರು' ಬರೆಯಲು ಟಕಾರಕ್ಕೆ ಕ್ಯೂ ಒತ್ತಬೇಕು ಅನ್ನುವುದು ಎರಡು ದಿನ ಕಾಡುತ್ತೆ, ಆಮೇಲೆ ಬೆರಳಿಗೇ ಗೊತ್ತಿರುತ್ತೆ. ಕಚೇರಿಯವರು ತರುವ ಹಳೇ ನುಡಿ ಫಾಂಟಿನ ಫೈಲುಗಳು ಇಲ್ಲಿ ಇಂಗ್ಲಿಷ್ ಅಕ್ಷರಗಳ ಗುಡ್ಡೆಯಾಗಿ ಕಾಣುತ್ತವೆ, ಯೂನಿಕೋಡ್‌ಗೆ ಬದಲಿಸುವುದನ್ನು ಅವರಿಗೆ ಬೇರೆಯಾಗಿಯೇ ಹೇಳಿಕೊಡುತ್ತೇನೆ.

"ಲಿನಕ್ಸ್ ಕಲಿತವರಿಗೆ ಕೆಲಸ ಯಾರು ಕೊಡ್ತಾರೆ?" ಇದು ಎರಡನೇ ಗೆಳೆಯರ ಮಾತು. ಅವರು ಇನ್ನೂ ಒಪ್ಪಿಲ್ಲ. ನಾನು ಆರನೇ ವಾರ ಎಲ್ಲರನ್ನೂ ನನ್ನ ವಿಂಡೋಸ್ 11 ಲ್ಯಾಪ್‌ಟಾಪ್ ಮುಂದೆ ಕೂರಿಸಿ ಹತ್ತು ಕೆಲಸ ಕೊಡುತ್ತೇನೆ. ಕಳೆದ ಬ್ಯಾಚಿನ 14 ಜನರಲ್ಲಿ 12 ಜನ ಅರ್ಧ ಗಂಟೆಯೊಳಗೆ ಎಲ್ಲ ಮುಗಿಸಿದರು. ಕಂಟ್ರೋಲ್ ಸಿ ಎಲ್ಲಿದ್ದರೂ ಕಂಟ್ರೋಲ್ ಸಿ ತಾನೆ? ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ಬೇಕಾದವರಿಗೆ ಲೈಸೆನ್ಸ್ ಇರುವ ಒಂದು ವಿಂಡೋಸ್ ಮೆಷಿನ್ ಬೇರೆ ಇದೆ. ನಮ್ಮ ಐ3ಗಳಲ್ಲಿ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಇಲ್ಲ, ವಿಂಡೋಸ್ 11 ಬೇಡ ಅನ್ನುತ್ತೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಕಚೇರಿಗಳು ಬಿಸಾಕುವ ಅಂಥ ಮೆಷಿನ್‌ಗಳ ಮೇಲೆ ಕಣ್ಣಿಡಿ.

ಫೀಸು ಒಬ್ಬರಿಗೆ 1,500. ಬಾಡಿಗೆ, ಕರೆಂಟ್, ನೆಟ್ ಕಳೆದು ಬ್ಯಾಚಿಗೆ 11,000 ಉಳಿಯುತ್ತೆ. ಹಾಕಿದ ದುಡ್ಡು ಆರನೇ ಬ್ಯಾಚ್ ಹೊತ್ತಿಗೆ ಕೈಗೆ ಬಂತು. ಹೋದ ಮಳೆಗಾಲದಲ್ಲಿ ಮಂಡಿಯ ಗುಮಾಸ್ತರೊಬ್ಬರು ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿದರು. ಯಾವ ಪುಟವೂ ತೆರೆಯುತ್ತಿಲ್ಲ, ತಾರೀಖು ಹಿಂದೆ ಹೋಗಿದೆ, ಬೋರ್ಡಿನ ಸೆಲ್ ಸತ್ತಿರಬೇಕು, ಸಿಆರ್2032 ಈ ಹೊತ್ತಲ್ಲಿ ಯಾರ ಅಂಗಡೀಲಿ ಸಿಗುತ್ತೆ ಅಂತ ಕೇಳಿದರು. ಮೂವತ್ತು ರೂಪಾಯಿ ಸೆಲ್ಲು. ನನ್ನ ಡ್ರಾಯರ್‌ನಲ್ಲೇ ಇತ್ತು, ಬಂದು ತಗೊಂಡು ಹೋದರು.

ಇನ್ನೂ ಸರಿಹೋಗದಿರುವುದು ಪ್ರಿಂಟರ್ ಪಾಠ. ಎಂಟು ಮೆಷಿನ್‌ಗೆ ಒಂದೇ ಪ್ರಿಂಟರ್, ಒಬ್ಬರ ಕಾಗದ ಸಿಕ್ಕಿಕೊಂಡರೆ ಉಳಿದವರೆಲ್ಲ ಸುಮ್ನೆ ಕೂರಬೇಕು. ಪಿಡಿಎಫ್‌ಗೆ ಪ್ರಿಂಟ್ ಮಾಡಿಸಿ ನೋಡಿದೆ, ಅದರಲ್ಲಿ ಕಾಗದ ಹಾಕುವುದು, ಸಿಕ್ಕಿದ್ದನ್ನು ಬಿಡಿಸುವುದು ಬರಲ್ಲ. ಕಡಿಮೆ ಖರ್ಚಿನಲ್ಲಿ ಯಾರಾದರೂ ದಾರಿ ಕಂಡುಕೊಂಡಿದ್ದರೆ ಹೇಳಿ. ಮುಂದಿನ ಬ್ಯಾಚ್ ಶುರುವಾಗುವುದರೊಳಗೆ ನಾನೂ ಮಾಡಿ ನೋಡುತ್ತೇನೆ.