ಮರಿಗಳಿಂದ ಬೇರ್ಪಟ್ಟ ತಾಯಿ ಬೆಕ್ಕನ್ನು ನೋಡಿಕೊಳ್ಳುವ ಬಗೆ

ಮರಿಗಳನ್ನು ಬೇರೆ ಮನೆಗೆ ಕೊಟ್ಟ ದಿನ ತಾಯಿ ಬೆಕ್ಕು ಮಂಚದ ಕೆಳಗೆ, ಬೀರುವಿನ ಹಿಂದೆ, ತಾನು ಈದ ಪೆಟ್ಟಿಗೆಯೊಳಗೆ ಮತ್ತೆ ಮತ್ತೆ ಮೂಸಿ ನೋಡುತ್ತದೆ. ಬಾಗಿಲ ಬಳಿ ನಿಂತು ಎಳೆದೆಳೆದು ಕೂಗುತ್ತದೆ. ರಾತ್ರಿಯೆಲ್ಲ ನಿದ್ದೆಯಿಲ್ಲದೆ ಓಡಾಡುತ್ತದೆ. ನಾನು ಸಾಕಿದ ಬೆಕ್ಕೊಂದು ಮರಿಗಳು ಹೋದ ರಾತ್ರಿ ಕಾಲುಚೀಲವೊಂದನ್ನು, ಮರಿಯ ಕತ್ತು ಹಿಡಿಯುವಷ್ಟೇ ಮೆತ್ತಗೆ ಕಚ್ಚಿಕೊಂಡು ಬಂದು, ಪೆಟ್ಟಿಗೆಯಲ್ಲಿಟ್ಟು ಅದಕ್ಕೆ ಹೊಟ್ಟೆಯೊಡ್ಡಿ ಮಲಗಿತ್ತು. ಹೀಗೆ ತಂದಿಟ್ಟ ವಸ್ತುವನ್ನು ಕಿತ್ತುಕೊಳ್ಳಬೇಡಿ. ಈ ಹುಡುಕಾಟ ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಇಳಿಯುತ್ತದೆ, ಕೆಲವು ಬೆಕ್ಕುಗಳಲ್ಲಿ ಎರಡು ವಾರದವರೆಗೂ ಉಳಿಯುತ್ತದೆ. ಆದರೆ ಆ ಕೂಗಿನ ಹಿಂದೆ ಹಾಲು ತುಂಬಿದ ಮೈಯ ನೋವೂ ಇರಬಹುದು ಎಂಬುದನ್ನು ಅನೇಕರು ಗಮನಿಸುವುದಿಲ್ಲ.

ಬೇರ್ಪಡಿಸುವ ವಯಸ್ಸು ಮೊದಲು ನಿರ್ಧಾರವಾಗಬೇಕು. ಸುಮಾರು 4 ವಾರಗಳ ಹೊತ್ತಿಗೆ ತಾಯಿಯೇ ಹಾಲು ಬಿಡಿಸಲು ತೊಡಗುತ್ತದೆ. ಮರಿಗಳು ಮೊಲೆಗೆ ಬಾಯಿ ಹಾಕಿದರೆ ಎದ್ದು ಎತ್ತರದ ಜಾಗಕ್ಕೆ ಹೋಗಿ ಕೂರುತ್ತದೆ, ಇಲ್ಲವೇ ಮುಂಗಾಲಿನಿಂದ ಮೆಲ್ಲಗೆ ಹೊಡೆಯುತ್ತದೆ. 8 ವಾರಗಳಿಗೆ ಮರಿಗಳು ತಾವೇ ತಿನ್ನಬಲ್ಲವು. ಆದರೂ ಸಾಧ್ಯವಿದ್ದಲ್ಲಿ 12 ವಾರಗಳವರೆಗೆ ಕಾಯುವುದೇ ಒಳ್ಳೆಯದೆಂದು ನನ್ನ ದೃಢವಾದ ಅಭಿಪ್ರಾಯ, ಏಕೆಂದರೆ ಆಟದಲ್ಲಿ ಎಷ್ಟು ಗಟ್ಟಿಯಾಗಿ ಕಚ್ಚಬಹುದು ಎಂಬ ಪಾಠವನ್ನು ಮರಿ ಕಲಿಯುವುದು ತಾಯಿ ಮತ್ತು ಒಡಹುಟ್ಟಿದವುಗಳ ನಡುವೆಯೇ.

ಎಲ್ಲ ಮರಿಗಳನ್ನೂ ಒಂದೇ ದಿನ ಕೊಟ್ಟುಬಿಡಬೇಡಿ. ಆರನೆಯ ವಾರದಿಂದ ದಿನಕ್ಕೆ ಒಂದೆರಡು ಗಂಟೆ ತಾಯಿಯನ್ನು ಬೇರೆ ಕೋಣೆಯಲ್ಲಿರಿಸಿ, ಆ ಅವಧಿಯನ್ನು ನಿಧಾನವಾಗಿ ಹೆಚ್ಚಿಸಿ, ಆಮೇಲೆ ಮರಿಗಳನ್ನು ಕೆಲವು ದಿನಗಳ ಅಂತರದಲ್ಲಿ ಒಂದೊಂದಾಗಿ ಕಳುಹಿಸಿದರೆ ಹಾಲು ತಾನಾಗಿಯೇ ಕಡಿಮೆಯಾಗುತ್ತ ಬರುತ್ತದೆ.

ಒಮ್ಮೆಲೇ ಬೇರ್ಪಡಿಸಬೇಕಾಗಿ ಬಂದಿದ್ದರೆ ಅಥವಾ ಮರಿಗಳು ಸತ್ತುಹೋಗಿದ್ದರೆ ಮೊಲೆಗಳ ಮೇಲೆ ಹೆಚ್ಚು ನಿಗಾ ಬೇಕು. ಬೆಕ್ಕಿಗೆ ಸಾಮಾನ್ಯವಾಗಿ ನಾಲ್ಕು ಜೊತೆ ಮೊಲೆಗಳಿರುತ್ತವೆ; ಬೆಕ್ಕು ಮಡಿಲಲ್ಲಿ ಮಲಗಿ ಸಡಿಲವಾದಾಗ ಒಂದೊಂದನ್ನೂ ಬೆರಳ ತುದಿಯಿಂದ ಮುಟ್ಟಿ ನೋಡಿ. ಹಾಲು ತುಂಬಿ ಸ್ವಲ್ಪ ಬಿಗಿದಿರುವುದು ಸಹಜ. ಆದರೆ ಯಾವುದಾದರೂ ಒಂದು ಕಲ್ಲಿನಂತೆ ಗಟ್ಟಿಯಾಗಿ, ಬಿಸಿಯಾಗಿ, ಕೆಂಪಗೆ ಅಥವಾ ನೀಲಿಗಟ್ಟಿ, ಮುಟ್ಟಿದರೆ ಬೆಕ್ಕು ಸಿಡುಕುವಂತಿದ್ದರೆ, ಕೀವು ಒಸರುತ್ತಿದ್ದರೆ ಅದು ಕೆಚ್ಚಲು ಬಾವು. ಅಂದೇ ಪಶುವೈದ್ಯರಲ್ಲಿಗೆ ಕರೆದೊಯ್ಯಬೇಕು. ನೋವು ಕಂಡು ಕರುಳು ಚುರ್ರೆಂದರೂ ಹಾಲನ್ನು ನೀವಾಗಿ ಹಿಂಡಿ ತೆಗೆಯಬೇಡಿ, ಏಕೆಂದರೆ ಹಿಂಡಿದಷ್ಟೂ ದೇಹ ಮತ್ತೆ ಹಾಲು ತುಂಬಿಕೊಳ್ಳುತ್ತದೆ. ಮನುಷ್ಯರ ನೋವಿನ ಮಾತ್ರೆಯನ್ನಂತೂ ಕೊಡಲೇಕೂಡದು. ಪ್ಯಾರಸಿಟಮಾಲ್ ಬೆಕ್ಕಿನ ಪ್ರಾಣವನ್ನೇ ತೆಗೆಯುತ್ತದೆ. ಹಾಲೂಡಿಸುವಾಗ ಕೊಡುತ್ತಿದ್ದ ಹೆಚ್ಚುವರಿ ಆಹಾರವನ್ನು ಹಂತಹಂತವಾಗಿ ಮೊದಲಿನ ಪ್ರಮಾಣಕ್ಕೆ ಇಳಿಸಿ, ಕುಡಿಯುವ ನೀರನ್ನು ಮಾತ್ರ ಕಡಿಮೆ ಮಾಡಬೇಡಿ. ಮರಿಗಳ ಕೊರಗಿನಲ್ಲಿ ಒಂದು ಹೊತ್ತು ಊಟ ಬಿಟ್ಟರೆ ಚಿಂತಿಸಬೇಕಾಗಿಲ್ಲ, ಆದರೆ ಇಡೀ ದಿನ ಏನನ್ನೂ ಮುಟ್ಟದಿದ್ದರೆ ವೈದ್ಯರಿಗೆ ತಿಳಿಸಿ. ಉಪವಾಸ ಮುಂದುವರಿದರೆ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ಸೇರಿ ಪ್ರಾಣಾಪಾಯವಾಗಬಹುದು.

ಕೂಗುವುದೆಲ್ಲ ಮರಿಗಳಿಗಾಗಿಯೇ ಎಂದುಕೊಳ್ಳಬಾರದು. ನೆಲದಲ್ಲಿ ಹೊರಳಾಡುತ್ತ, ಕಂಡದ್ದಕ್ಕೆಲ್ಲ ಮೈ ಉಜ್ಜುತ್ತ, ಬೆನ್ನು ಸವರಿದರೆ ಹಿಂಭಾಗವನ್ನು ಎತ್ತುತ್ತಿದ್ದರೆ ಅದು ಬೆದೆಗೆ ಬಂದಿದೆ ಎಂದರ್ಥ. ಹಾಲೂಡಿಸುತ್ತಿರುವಾಗಲೂ ಬೆಕ್ಕು ಮತ್ತೆ ಗಬ್ಬವಾಗಬಲ್ಲದು. ಆದ್ದರಿಂದ ಹೊರಗೆ ಬಿಡದೆ ಇಟ್ಟುಕೊಂಡು, ಹಾಲು ಬತ್ತಿದ ಮೇಲೆ, ಅಂದರೆ ಮರಿಗಳು ಹಾಲು ಬಿಟ್ಟ ಸುಮಾರು ಎರಡು ವಾರಗಳಿಗೆ, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವುದು ಸೂಕ್ತ.

ಕೊಟ್ಟ ಮರಿಯೊಂದು ಕೆಲವು ದಿನಗಳ ನಂತರ ಮರಳಿ ಬಂದಾಗ ತಾಯಿ ಬುಸುಗುಟ್ಟಿ ಹಿಂದೆ ಸರಿಯಬಹುದು. ಬೇರೆ ಮನೆಯ ವಾಸನೆ ಹೊತ್ತು ಬಂದ ಮರಿ ಅದಕ್ಕೆ ಅಪರಿಚಿತ. ಬಲವಂತವಾಗಿ ಮುಂದೆ ತಂದಿಡದೆ, ಒಂದೇ ಬಟ್ಟೆಯಿಂದ ಎರಡರ ಮೈಯನ್ನೂ ಸವರಿ, ಮುಚ್ಚಿದ ಬಾಗಿಲಿನ ಎರಡು ಬದಿಗಳಲ್ಲಿ ಊಟ ಹಾಕುತ್ತ ಒಂದೆರಡು ದಿನ ಅಭ್ಯಾಸ ಮಾಡಿಸಿ.

ಮರಿಗಳು ಹೋದ ಬೆನ್ನಲ್ಲೇ ಪೆಟ್ಟಿಗೆಯನ್ನು ತೊಳೆದಿಡಲು ಅವಸರಪಡಬೇಡಿ. ತಾಯಿ ಅದನ್ನು ಮೂಸುವುದನ್ನೂ ಅದರೊಳಗೆ ಮಲಗುವುದನ್ನೂ ತಾನಾಗಿ ಬಿಟ್ಟ ಮೇಲೆ ಬಟ್ಟೆಗಳನ್ನು ಒಗೆಯಿರಿ.