ಸಿ ಭಾಷೆಯಲ್ಲಿ ಫೈಲ್ ಪಾತ್ ಒಡೆಯುವಾಗ ಸ್ಟ್ರ್‌ಟಾಕ್ ಕೊಟ್ಟ ಕಾಟ

ಫೈಲ್ ಪಾತ್ ಅನ್ನು ಸ್ಲ್ಯಾಶ್ ಇದ್ದಲ್ಲೆಲ್ಲ ತುಂಡು ಮಾಡಲು ಸ್ಟ್ರ್‌ಟಾಕ್ (strtok) ಫಂಕ್ಷನ್ ಕರೆದ ಕೂಡಲೇ ಸೆಗ್ಮೆಂಟೇಶನ್ ಫಾಲ್ಟ್ (ಮುಟ್ಟಬಾರದ ಮೆಮೊರಿ ಮುಟ್ಟಿ ಪ್ರೋಗ್ರಾಂ ನಿಲ್ಲುವುದು). ಪಾತ್ ಅನ್ನು ಪಾಯಿಂಟರ್ ಮೂಲಕ ಸ್ಟ್ರಿಂಗ್ ಲಿಟರಲ್‌ಗೆ (ಕೋಡ್‌ನಲ್ಲೇ ಉದ್ಧರಣ ಚಿಹ್ನೆಯೊಳಗೆ ಬರೆದ ಪಠ್ಯ) ಕಟ್ಟಿದ್ದೇ ಕಾರಣ. ಈ ಫಂಕ್ಷನ್ ಸ್ಲ್ಯಾಶ್ ಇದ್ದ ಜಾಗಕ್ಕೆ ಸೊನ್ನೆ ಬೈಟ್ (ಸ್ಟ್ರಿಂಗ್ ಮುಗಿಯಿತೆಂಬ ಗುರುತು) ಬರೆಯುತ್ತದೆ, ಲಿಟರಲ್ ಸಾಮಾನ್ಯವಾಗಿ ಓದಲು ಮಾತ್ರ ಇರುವ ಮೆಮೊರಿಯಲ್ಲಿರುತ್ತದೆ. ಪಾತ್ ಅನ್ನು ಕ್ಯಾರ್ ಅರೇ (ಬದಲಿಸಬಹುದಾದ ಅಕ್ಷರಗಳ ಸಾಲು) ಮಾಡಿದರೆ ಕ್ರ್ಯಾಶ್ ನಿಲ್ಲುತ್ತದೆ, ಆದರೆ "/ಹೋಮ್/ಡೇಟಾ/ವರದಿ" ಮೊದಲ ಕರೆಗೇ "/ಹೋಮ್" ಆಗಿ ಮೊಟಕಾಗುತ್ತದೆ. ಮೇಲಾಗಿ, ಸಿಕ್ಕ ತುಂಡುಗಳಲ್ಲಿ ಮೊದಲ ಸ್ಲ್ಯಾಶ್ ಇರುವುದಿಲ್ಲ: ಪಾತ್ ರೂಟ್‌ನಿಂದ ಶುರುವಾಗಿತ್ತೋ ಇಲ್ಲವೋ ತಿಳಿಯದು.

ಫೈಲ್ ಹೆಸರಷ್ಟೇ ಬೇಕಿದ್ದರೆ ಸ್ಟ್ರ್‌ಟಾಕ್ ಗೋಜೇ ಬೇಡ. ಒಂದು ಅಕ್ಷರ ಕೊನೆಯ ಬಾರಿ ಎಲ್ಲಿದೆ ಎಂದು ಹೇಳುವ ಸ್ಟ್ರ್‌ಆರ್‌ಸಿಎಚ್‌ಆರ್‌ನಿಂದ (strrchr) ಕೊನೆಯ ಸ್ಲ್ಯಾಶ್ ಹುಡುಕಿದೆ. ನಲ್ (ಸ್ಲ್ಯಾಶ್ ಸಿಗಲಿಲ್ಲ ಎಂದರ್ಥ) ಬಂದರೆ ಇಡೀ ಸ್ಟ್ರಿಂಗೇ ಹೆಸರು. ಇಲ್ಲವಾದರೆ ಹೆಸರು ಸ್ಲ್ಯಾಶ್ + 1ರಿಂದ. ಡೈರೆಕ್ಟರಿಯ ಉದ್ದ ಎಂದರೆ ಆ ಸ್ಲ್ಯಾಶ್ ಮತ್ತು ಪಾತ್‌ನ ಆರಂಭ, ಈ ಎರಡು ಪಾಯಿಂಟರ್‌ಗಳ ವ್ಯತ್ಯಾಸ, ಬಫರ್‌ಗೆ ಅದಕ್ಕಿಂತ 1 ಬೈಟ್ ಹೆಚ್ಚು. ಬೈಟ್‌ಗಳನ್ನು ನಕಲಿಸುವ ಮೆಮ್‌ಸಿಪಿವೈ (memcpy) ನಂತರ ಕೊನೆಯ ಸೊನ್ನೆಯನ್ನು ನಾವೇ ಹಾಕಬೇಕು. ವ್ಯತ್ಯಾಸ 0 ಬಂದರೆ ಡೈರೆಕ್ಟರಿ "/". ಕೊನೆಯಲ್ಲಿ ಸ್ಲ್ಯಾಶ್ ಇರುವ ಪಾತ್‌ಗೆ ಹೆಸರು ಖಾಲಿ ಬರುತ್ತದೆ, ಅದನ್ನು ಮೊದಲೇ ಕತ್ತರಿಸಿ.